ಅತಿ ಕಡಿಮೆ ಮಳೆಯ ಊರಿನಲ್ಲಿ ಮನೆಗೊಂದು ಕೆರೆ

ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಯಾವುದು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹತ್ತಾರು ಕೈಗಳು ಒಮ್ಮೆಲೇ ಮೇಲೇಳುತ್ತವೆ. ಉತ್ತರ, ಆಗುಂಬೆ. ಹಾಗಾದರೆ ಅತಿ ಕಡಿಮೆ ಮಳೆ ಬೀಳುವ ಊರು? ಈ ಸಲ ಮೇಲೇಳುವ ಕೈಗಳು ಎರಡೋ ಮೂರೋ. ಸಾಮಾನ್ಯ ಜ್ಞಾನದ ಪುಸ್ತಕ ತಿರುವಿ ಹಾಕಿದವರಿಗೆ ಮಾತ್ರ ಉತ್ತರ ಗೊತ್ತು: ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ.

ಒಂದು ಅಂಕಕ್ಕೆ ಈ ಉತ್ತರ ಸಾಕು. ಆದರೆ ಆ ಊರಿನಲ್ಲಿ ಬದುಕುವವರಿಗೆ ಅದು ಒಂದು ಅಂಕದ ಪ್ರಶ್ನೆಯಲ್ಲ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟದಲ್ಲೇ ಹೊರೆ ಇಳಿಸಿ, ಹಗುರಾಗಿ ಬಯಲು ಸೀಮೆಯ ಮೇಲೆ ಹಾದು ಹೋಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆಯಾದರೆ ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ 450ರ ಆಸುಪಾಸು. ಅದೂ ಒಂದೇ ಸಮನೆ ಅಲ್ಲ. ಈ ವರ್ಷ ಬಂದರೆ ಮುಂದಿನ ವರ್ಷ ಇಲ್ಲ. ಇದೇ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ.

ಇಂಥ ಕಡೆ ಮನೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟು ವರ್ಷವಿಡೀ ಕುಡಿಯಬಹುದು ಎಂದರೆ ಯಾರಾದರೂ ನಗುತ್ತಾರೆ. ‘ಬೀಳದ ಮಳೆಯನ್ನು ಹಿಡಿಯುವುದು ಹೇಗೆ ಸ್ವಾಮಿ?’ ಎನ್ನುತ್ತಾರೆ. ನಗುವ ಮೊದಲು ಒಂದು ಲೆಕ್ಕ ಮಾಡಿ ನೋಡಬೇಕು. ಲೆಕ್ಕಕ್ಕೂ ಮೊದಲು, ಈ ತಾಪತ್ರಯ ಏಕೆ ಎಂಬುದನ್ನು ತಿಳಿಯಬೇಕು.

ಹಲ್ಲಿನ ಮೇಲೆ ಬರೆದ ನೀರಿನ ಕಥೆ

ಮಳೆ ಕಡಿಮೆಯಾದಷ್ಟೂ ಕೊಳವೆ ಬಾವಿ ಆಳಕ್ಕೆ ಇಳಿಯುತ್ತದೆ. ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲಿ ಫ್ಲೋರೈಡ್ ಅಂಶವಿರುವ ಖನಿಜಗಳಿವೆ. ಬಂಡೆಯ ಸೀಳುಗಳಲ್ಲಿ ನೀರು ವರ್ಷಾನುಗಟ್ಟಲೆ ನಿಂತಾಗ ಆ ಅಂಶ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯುತ್ತದೆ. ಚಿತ್ರದುರ್ಗ ಜಿಲ್ಲೆ ಫ್ಲೋರೈಡ್ ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿ ಬಹಳ ಹಿಂದಿನಿಂದಲೂ ಇದೆ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5. ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆಗಳು ಮೂಡುತ್ತವೆ. ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆ ಅವಧಿಯಲ್ಲಿ ಕುಡಿದ ನೀರಿನ ಗುರುತು ಜೀವನಪರ್ಯಂತ ಉಳಿಯುತ್ತದೆ. ಎಷ್ಟು ಉಜ್ಜಿದರೂ ಹೋಗದು. ಮಗು ಹಲ್ಲು ತಿಕ್ಕುವುದಿಲ್ಲವೆಂದು ಬೈಯುವ ಹಿರಿಯರು ಮೊದಲು ಮನೆಯ ನೀರನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅತಿಯಾದ ಫ್ಲೋರೈಡನ್ನು ಬಹಳ ವರ್ಷ ಸೇವಿಸಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ನೀರನ್ನು ಕುದಿಸಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಆವಿಯಾದ ನೀರಿನಷ್ಟು ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ, ನಿಜ. ಆದರೆ ಘಟಕ ಕೆಟ್ಟ ದಿನ, ಕರೆಂಟು ಹೋದ ದಿನ ಕ್ಯಾನು ಹಿಡಿದು ಬಂದವರು ಬರಿಗೈಯಲ್ಲಿ ಹಿಂತಿರುಗಬೇಕು.

ಮಳೆಯ ನೀರಿನಲ್ಲಾದರೋ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಪ್ರಯೋಗಶಾಲೆಯಲ್ಲಿ ನೀರನ್ನು ಕಾಸಿ, ಆವಿಯನ್ನು ತಣಿಸಿ ಬಟ್ಟಿ ಇಳಿಸುವುದನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಲವಣಗಳು ಪಾತ್ರೆಯ ತಳದಲ್ಲೇ ಉಳಿಯುತ್ತವೆ. ಸೂರ್ಯ ಸಮುದ್ರದ ಮೇಲೆ ಮಾಡುವುದೂ ಅದೇ ಕೆಲಸ. ಬಟ್ಟಿ ಇಳಿಸಿದ ನೀರು ನಮ್ಮ ಮಾಳಿಗೆಯ ಮೇಲೆ ಪುಕ್ಕಟೆ ಬೀಳುತ್ತದೆ, ಹರಿದು ಚರಂಡಿ ಸೇರುತ್ತದೆ.

ಒಂದು ಮನೆಯ ಲೆಕ್ಕ

ಈಗ ನಾಯಕನಹಟ್ಟಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಪ್ಪ, ಅವ್ವ, ಅಜ್ಜಿ, ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ. ಒಟ್ಟು ಐದು ಜನ. ಆರ್‌ಸಿಸಿ ತಾರಸಿಯ ವಿಸ್ತಾರ 90 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಸಾವಿರ ಚದರ ಅಡಿ.

ಸೂತ್ರ ಬಹಳ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಿಗುವ ನೀರು ಸರಿಯಾಗಿ ಒಂದು ಲೀಟರ್. ವರ್ಷಕ್ಕೆ 450 ಮಿಲಿಮೀಟರ್ ಮಳೆಯಾದರೆ 90 x 450 = 40,500 ಲೀಟರ್. ತಾರಸಿ ಹೀರುವುದು, ಆವಿಯಾಗುವುದು, ಮೊದಲ ಕೊಳೆ ನೀರನ್ನು ಬಿಡುವುದು ಇವಕ್ಕೆಲ್ಲ ನೂರಕ್ಕೆ ಇಪ್ಪತ್ತು ಕಳೆಯೋಣ. ಉಳಿಯುವುದು 32,400 ಲೀಟರ್.

ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಸಾಕು. ವರ್ಷಕ್ಕೆ 10,950 ಲೀಟರ್. ಅಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಊರಿನಲ್ಲೂ ಮನೆಯ ಮೇಲೆ ಬೀಳುವ ನೀರು ಕುಡಿಯುವ ಅಗತ್ಯದ ಹೆಚ್ಚುಕಡಿಮೆ ಮೂರು ಪಟ್ಟು! ಬರಗಾಲ ಬಂದು ಮಳೆ ಅರ್ಧಕ್ಕೆ ಇಳಿಯಿತು ಎನ್ನಿ. ಆಗಲೂ 16,200 ಲೀಟರ್ ಸಿಗುತ್ತದೆ.

ಮೈ ತೊಳೆಯಲು, ಬಟ್ಟೆ ಒಗೆಯಲು, ದನಕರುಗಳಿಗೆ ಇದು ಸಾಲದು. ಅದಕ್ಕೆ ಕೊಳವೆ ಬಾವಿಯ ನೀರೇ ಇರಲಿ. ಹೊಟ್ಟೆಗೆ ಹೋಗುವ ನೀರು ಮಾತ್ರ ಮೋಡದ್ದಾಗಲಿ. ಈ ವಿಂಗಡಣೆ ಮನಸ್ಸಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ತೊಟ್ಟಿ ಎಷ್ಟು ದೊಡ್ಡದಿರಬೇಕು? ಮಳೆಗಾಲ ಮುಗಿದ ಮೇಲೆ ಏಳು ತಿಂಗಳು ಹನಿ ಬೀಳದಿದ್ದರೂ ನೀರು ನಡೆಯಬೇಕು. 210 ದಿನಕ್ಕೆ 30ರಂತೆ 6,300 ಲೀಟರ್. ಏಳು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಆಳದ ಸಂಪಿನಲ್ಲಿ ಸುಮಾರು 7,100 ಲೀಟರ್ ಹಿಡಿಯುತ್ತದೆ. ಸೆಪ್ಟೆಂಬರ್ ತಿಂಗಳೊಂದರಲ್ಲೇ 100 ಮಿಲಿಮೀಟರ್ ಮಳೆಯಾದರೆ ಸಂಪು ತುಂಬಿತು.

ಕಟ್ಟುವ ಕೆಲಸ

ಇದರ ತಂತ್ರ ಗಾರೆ ಕೆಲಸದವರಿಗೆ, ಪ್ಲಂಬರಿಗೆ ಹೊಸದೇನಲ್ಲ. ತಾರಸಿಯ ನೀರು ಒಂದೇ ಮೂಲೆಗೆ ಹರಿಯುವಂತೆ ಹತ್ತು ಅಡಿಗೆ ಒಂದು ಅಂಗುಲದ ಇಳಿಜಾರು ಬೇಕು. ಆ ಮೂಲೆಯಿಂದ ನಾಲ್ಕು ಅಂಗುಲದ ಪಿವಿಸಿ ಪೈಪು ಕೆಳಗಿಳಿಯುತ್ತದೆ. ಪೈಪಿನ ಬಾಯಿಗೆ ಎಲೆ, ಕಸ ತಡೆಯುವ ಜಾಲರಿ.

ಬಿಸಿಲಿನಲ್ಲಿ ಒಣಗಿದ ತಾರಸಿಯ ಮೇಲೆ ಧೂಳು, ಹಕ್ಕಿಯ ಹಿಕ್ಕೆ, ಬೇವಿನ ಎಲೆ ಇದ್ದೇ ಇರುತ್ತವೆ. ಮಳೆಯ ಮೊದಲ ಒಂದು ಮಿಲಿಮೀಟರ್ ನೀರು ತಾರಸಿಯನ್ನು ತೊಳೆದು ಈ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ನಮ್ಮ ಲೆಕ್ಕದ ತಾರಸಿಗೆ ಅದು 90 ಲೀಟರ್. ಆದ್ದರಿಂದ ಪೈಪಿಗೆ ಒಂದು ಟೀ ಜೋಡಿಸಿ ಮೊದಲ ನೀರನ್ನು ನೂರು ಲೀಟರಿನ ಒಂದು ಡ್ರಮ್ಮಿಗೆ ಬಿಡಬೇಕು. ಡ್ರಮ್ಮು ತುಂಬಿದ ಮೇಲೆ ನೀರು ತಾನಾಗಿ ಮುಂದಕ್ಕೆ, ಶೋಧಕಕ್ಕೆ ಹೋಗುತ್ತದೆ. ಡ್ರಮ್ಮಿನ ನೀರೂ ದಂಡವಲ್ಲ. ನುಗ್ಗೆ, ಕರಿಬೇವಿನ ಗಿಡಕ್ಕೆ ಆಗುತ್ತದೆ.

ಶೋಧಕ ಎಂದರೆ ಮತ್ತೊಂದು ಡ್ರಮ್ಮು. ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು. ಪದರಗಳು ಬೆರೆಯದಂತೆ ನಡುವೆ ನೈಲಾನ್ ಜಾಲರಿ. ಇಲ್ಲಿಂದ ನೀರು ಸಂಪಿಗೆ. ಸಂಪಿನಿಂದ ಹೆಚ್ಚಾದ ನೀರು ಹೊರಹೋಗಲು ಒಂದು ಕೋಡಿ ಪೈಪು, ಅದರ ಬಾಯಿಗೂ ಸೊಳ್ಳೆ ನುಗ್ಗದ ಜಾಲರಿ. ಮುಚ್ಚಳ ಬೆಳಕು ಹಾಯದಷ್ಟು ಬಿಗಿಯಾಗಿರಬೇಕು. ಬೆಳಕಿಲ್ಲದೆ ಪಾಚಿ ಬೆಳೆಯದು, ಸಂದಿಲ್ಲದೆ ಸೊಳ್ಳೆ ಮೊಟ್ಟೆ ಇಡದು. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗವೂ ಬೇಕು. ಶೌಚಾಲಯದ ಗುಂಡಿಯಿಂದ ಸಂಪು ದೂರವಿರಲಿ. ಕಲ್ನಾರು ಶೀಟಿನ ಮೇಲಿನ ನೀರನ್ನು ಕುಡಿಯಲು ಹಿಡಿಯದಿರುವುದು ಲೇಸು. ಹೊಸ ಸಿಮೆಂಟಿನ ಕ್ಷಾರ ನೀರಿಗೆ ಇಳಿಯುವುದರಿಂದ ಮೊದಲ ಸಲ ತುಂಬಿದ ನೀರನ್ನು ತೊಳೆಯುವ ಕೆಲಸಕ್ಕೆ ಬಳಸಬೇಕು.

ಇಷ್ಟು ಕೆಲಸಕ್ಕೆ ಕೆಲವು ದಿನ ಹಿಡಿಯಬಹುದು. ಮೊದಲ ಮಳೆಗೆ ಮನೆಮಂದಿಯೆಲ್ಲ ಸಂಪಿನ ಸುತ್ತ ನಿಂತು, ಪೈಪಿನಿಂದ ನೀರು ಧುಮುಕುವ ಸದ್ದು ಕೇಳಿ ಹಿಗ್ಗುತ್ತಾರೆ. ಆ ಹಿಗ್ಗು ಒಂದು ಸಂಜೆಯದು. ಅದನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಬೇರೆಯೇ ಕೆಲಸ.

ಕರಲು ಮಣ್ಣಿನ ಪಾಠ

ಈ ಪಾಠ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಿರಿಯರಿಗೆ ಹೊಸದಲ್ಲ. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ತೊಲೆ, ಜಂತೆಗಳ ಮೇಲೆ ಮಣ್ಣು ಹರಡಿ ಗಟ್ಟಿಸಿದ ಸಪಾಟು ಚಾವಣಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಕರಲು ಮಣ್ಣು ತಂದು ಮಾಳಿಗೆಯ ಮೇಲೆ ಹಾಸುವುದು ಮನೆಯ ವಾಡಿಕೆ. ಬೆಳೆ ಬಾರದ ಆ ಚೌಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಹರಿದು ಹೋಗುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರ!

ಒಂದು ವರ್ಷ ಕರಲು ಹಾಕದೆ ಬಿಟ್ಟರೆ ಸೋರಿಕೆ ಶುರು. ಎರಡು ವರ್ಷ ಬಿಟ್ಟರೆ ಜಂತೆ ಗೆದ್ದಲು ಹಿಡಿಯುತ್ತಿತ್ತು. ಆದ್ದರಿಂದ ಮನೆಯ ಮೇಲೆ ಹುಲ್ಲು ಮೊಳೆತಿದೆಯೇ, ನೀರು ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಆ ಮನೆಯವರಿಗೆ ಗೊತ್ತಿರುತ್ತಿತ್ತು. ಮನೆ ಅವರನ್ನು ಕಾಯುತ್ತಿತ್ತು, ಅವರು ಮನೆಯನ್ನು ಕಾಯುತ್ತಿದ್ದರು. ಆರ್‌ಸಿಸಿ ಬಂದ ಮೇಲೆ ವರ್ಷಕ್ಕೊಮ್ಮೆ ಮಾಳಿಗೆ ಹತ್ತುವ ಅಗತ್ಯ ಹೋಯಿತು. ಅದರ ಜೊತೆಗೆ ಆ ತಿಳಿವಳಿಕೆಯೂ ಹೋಯಿತು. ಮಳೆ ಕೊಯ್ಲು ಆ ಹಳೆಯ ಅಭ್ಯಾಸವನ್ನು ಮತ್ತೆ ಕೇಳುತ್ತದೆ, ಅಷ್ಟೆ.

ಒಂದು ಮನೆ, ಹಲವು ಶಾಲೆಗಳು

ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ರಾಜ್ಯದ ವಿಜ್ಞಾನ ಶಿಕ್ಷಕರು ಅಲ್ಲಿಗೆ ತರಬೇತಿಗೆ ಬರುತ್ತಾರೆ. ಇದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದ ನಡುವೆ ಬೆಂಗಳೂರಿನ ವಿಜಯನಗರದಲ್ಲಿ ತಮ್ಮ ಮನೆ ಕಟ್ಟುವಾಗ ಹಿಂದಿನ ನೂರು ವರ್ಷಗಳ ಮಳೆಯ ಅಂಕಿಅಂಶ ತೆಗೆದು ನೋಡಿದರು. ಒಳ್ಳೆಯ ಎರಡು ಮಳೆಗಳ ನಡುವಿನ ಅಂತರ ಹೆಚ್ಚೆಂದರೆ ಮೂರು ತಿಂಗಳ ಆಸುಪಾಸು ಎಂಬುದು ಅವರಿಗೆ ಕಂಡಿತು. ಅಷ್ಟು ದಿನಕ್ಕೆ ಸಾಲುವಷ್ಟು ತೊಟ್ಟಿಗಳನ್ನು ಕಟ್ಟಿಸಿದರು. ಕಾವೇರಿ ನೀರಿನ ಹಂಗಿಲ್ಲದೆ ಆ ಮನೆ ಎರಡು ದಶಕಗಳಿಗೂ ಹೆಚ್ಚು ಕಾಲ ಮಳೆ ನೀರಿನಲ್ಲೇ ನಡೆಯಿತು.

ಅವರು ರೂಪಿಸಿದ ‘ಪಾಪ್ ಅಪ್’ ಶೋಧಕದಲ್ಲಿ ಒಂದು ಸ್ವಾರಸ್ಯವಿದೆ. ಮನೆಯವರು ಅದನ್ನು ತೊಳೆಯುವುದನ್ನು ಮರೆತರೆ ಕೊಳೆ ಕಟ್ಟಿಕೊಂಡು ನೀರಿನ ಒತ್ತಡ ಹೆಚ್ಚುತ್ತದೆ. ಆಗ ಶೋಧಕದ ಭಾಗ ತನ್ನ ಜಾಗದಿಂದ ಮೇಲಕ್ಕೆ ಚಿಮ್ಮಿ ನೀರನ್ನು ಹೊರಗೆ ಬಿಡುತ್ತದೆ. ತಾರಸಿಯಲ್ಲಿ ನೀರು ನಿಲ್ಲುವುದು ತಪ್ಪುತ್ತದೆ. ಮನೆಯವರಿಗೆ ಮರೆವಿನ ನೆನಪೋಲೆಯೂ ಸಿಗುತ್ತದೆ. ಮನುಷ್ಯ ಮರೆಯುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ ಸಲಕರಣೆ ಅದು.

ಮರೆವಿನ ಬೆಲೆ ಎಷ್ಟು ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಶಾಲೆಗಳಲ್ಲೇ ಇದೆ. ರಾಜ್ಯದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, 2006ರಲ್ಲಿ, ‘ಸುವರ್ಣ ಜಲ’ ಯೋಜನೆ ಬಂತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ಚಾವಣಿ ಮಳೆ ಕೊಯ್ಲಿನ ವ್ಯವಸ್ಥೆ ಮಾಡುವುದು ಅದರ ಗುರಿ. ಶೋಧಕ ತೊಳೆಯುವವರು, ಪೈಪು ಸರಿಪಡಿಸುವವರು ಇದ್ದ ಕಡೆ ಮಕ್ಕಳು ಆ ನೀರು ಕುಡಿದರು. ಇದು ಯಾರ ಕೆಲಸ ಎಂಬುದು ತೀರ್ಮಾನವಾಗದ ಕಡೆ ಪೈಪು ಕಳಚಿ ಬಿತ್ತು, ತೊಟ್ಟಿ ಒಣಗಿತು. ಸಿಮೆಂಟು ಅದೇ, ಜಲ್ಲಿ ಅದೇ, ಮೋಡವೂ ಅದೇ. ವ್ಯತ್ಯಾಸವಾದದ್ದು ನೋಡಿಕೊಳ್ಳುವವರಲ್ಲಿ.

ಒಂದು ಅಂಗುಲಕ್ಕೆ ನೂರು ಲೀಟರ್

ಹಾಗಾದರೆ ನಾವು ಊಹಿಸಿದ ಮನೆಯಲ್ಲಿ ಯಾರು ಏನು ಮಾಡಬೇಕು? ಏಪ್ರಿಲ್ ಕೊನೆಯಲ್ಲಿ ಸಂಪು ಬಹುಪಾಲು ಬರಿದಾಗಿರುತ್ತದೆ. ಆಗ ಮುಚ್ಚಳ ತೆರೆದು, ಚೆನ್ನಾಗಿ ಗಾಳಿಯಾಡಿಸಿ, ಒಳಗೆ ಉಜ್ಜಿ ತೊಳೆಯಬೇಕು. ಇದಕ್ಕೆ ದೊಡ್ಡವರೇ ಇಳಿಯಬೇಕು, ಮೇಲೆ ಇನ್ನೊಬ್ಬರು ನಿಂತಿರಲೇಬೇಕು. ತಾರಸಿ ಗುಡಿಸುವುದು, ಜಾಲರಿ ನೋಡುವುದು ಮಕ್ಕಳ ಪಾಲಿಗೆ, ಹಿರಿಯರ ಕಣ್ಣೆದುರಿನಲ್ಲಿ. ಪ್ರತಿ ಮಳೆಯ ನಂತರ ಮೊದಲ ನೀರಿನ ಡ್ರಮ್ಮು ಖಾಲಿ ಮಾಡಬೇಕು. ಮಾಡದಿದ್ದರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ಶೋಧಕಕ್ಕೆ. ಶೋಧಕದ ಮೇಲ್ಪದರದ ಮರಳನ್ನು ಮಳೆಗಾಲದಲ್ಲಿ ಆಗಾಗ ತೆಗೆದು ತೊಳೆಯಬೇಕು. ಸಂಪು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬೆರೆಸಬೇಕು. ಒಂದು ಗಂಟೆ ಬಿಟ್ಟು ಬಳಸಬಹುದು. ಕುದಿಸಿ ಆರಿಸಿ ಕುಡಿದರೆ ಇನ್ನೂ ನೆಮ್ಮದಿ.

ನೀರು ಸರಿಯಿದೆಯೇ ಎಂಬ ಅನುಮಾನ ಬಂದರೆ ಸರಳ ಪರೀಕ್ಷೆಯೊಂದಿದೆ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲಿನವಾದ ನೀರು ಕಪ್ಪಾಗುತ್ತದೆ. ಶಾಲೆಯ ವಿಜ್ಞಾನ ಸಂಘಗಳು ಇದನ್ನು ಮಾಡಿ ನೋಡಬಹುದು.

ಇನ್ನುಳಿದದ್ದು ಅಳತೆ. ಏಳು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ ಒಂದು ಅಂಗುಲ ನೀರೆಂದರೆ ಹೆಚ್ಚುಕಡಿಮೆ ನೂರು ಲೀಟರ್! ವಿದ್ಯಾರ್ಥಿಗಳು ಘನಫಲ ತೆಗೆದು ತಾಳೆ ನೋಡಲಿ. ಒಂದು ಘನ ಅಡಿಗೆ 28.3 ಲೀಟರ್. ವಾರಕ್ಕೆ ಖರ್ಚು 210 ಲೀಟರ್, ಅಂದರೆ ಎರಡು ಅಂಗುಲ. ಭಾನುವಾರ ಬೆಳಿಗ್ಗೆ ಅಪ್ಪ ಬೀಗ ತೆಗೆದು ಗುರುತು ಮಾಡಿದ ಕೋಲನ್ನು ಇಳಿಸುತ್ತಾನೆ, ಮಗಳು ಓದಿ ಬರೆದುಕೊಳ್ಳುತ್ತಾಳೆ.

‘ಎಷ್ಟವ್ವಾ?’

‘ನಲವತ್ತೊಂದು. ಹೋದ ವಾರ ನಲವತ್ತೈದಿತ್ತು. ನಾಲ್ಕು ಇಳಿದಿದೆ ಅಪ್ಪಾ.’

ಎರಡು ಇಳಿಯಬೇಕಾದ ಕಡೆ ನಾಲ್ಕು ಇಳಿದಿದ್ದರೆ ನಲ್ಲಿ ಸೋರಿರಬೇಕು, ಸಂಪು ಬಿರುಕು ಬಿಟ್ಟಿರಬೇಕು, ಇಲ್ಲವೇ ಮನೆಗೆ ನೆಂಟರು ಬಂದಿರಬೇಕು. ನೆಂಟರು ಬಂದಿಲ್ಲವೆಂದರೆ ಹುಡುಕಾಟ ಆರಂಭ. ನಲ್ಲಿಯ ವಾಷರು ಸವೆದಿರುವುದು ಕಂಡು, ಹೊಸದು ಹಾಕಿ, ಮುಂದಿನ ಭಾನುವಾರ ಕೋಲು ಮೂವತ್ತೊಂಬತ್ತು ತೋರಿಸಿದಾಗ ಆಗುವ ಸಮಾಧಾನವನ್ನು ಅಂಗಡಿಯಿಂದ ಕೊಂಡು ತರಲಾಗುವುದಿಲ್ಲ. ಮನೆಯ ಟಿ.ವಿ., ಮೊಬೈಲು ಕೆಟ್ಟರೆ ಬೇರೆಯವರ ಮುಂದೆ ಕೈಕಟ್ಟಿ ನಿಲ್ಲುತ್ತೇವೆ. ಈ ಯಂತ್ರದ ಒಳಹೊರಗು ಮನೆಮಂದಿಗೆಲ್ಲ ಗೊತ್ತು.

ಇದರ ಜೊತೆಗೆ ಮಳೆಮಾಪಕವೂ ಇರಲಿ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿಸಿ ಕೂರಿಸಿ, ಬದಿಗೆ ಅಳತೆಪಟ್ಟಿ ಅಂಟಿಸಿದರೆ ಸಿದ್ಧ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ ಎಂಟೂವರೆಗೆ ಓದಿ ತಾರೀಖಿನೊಂದಿಗೆ ಬರೆದಿಡಬೇಕು. ಐದು ವರ್ಷ ಬರೆದರೆ ನಿಮ್ಮ ಮನೆಯ ಮಳೆಯ ಚರಿತ್ರೆ ನಿಮ್ಮ ಕೈಯಲ್ಲೇ ಇರುತ್ತದೆ.

ಕೆರೆ ಕಟ್ಟಿದವರ ಊರು

ಕಡಿಮೆ ನೀರನ್ನು ಜೋಪಾನ ಮಾಡುವುದು ಈ ಜಿಲ್ಲೆಯ ಹಳೆಯ ವಿದ್ಯೆ. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ ನೀರು ಇಳಿದು ಬರುವ ಏರ್ಪಾಡನ್ನು ಪ್ರವಾಸಕ್ಕೆ ಹೋದ ಮಕ್ಕಳು ನೋಡಿರಬಹುದು. ಒಂದು ಹೊಂಡದಲ್ಲಿ ಹೂಳು ಕೂತು, ತಿಳಿಯಾದ ನೀರು ಮುಂದಿನದಕ್ಕೆ ಹೋಗುತ್ತದೆ. ನಮ್ಮ ಡ್ರಮ್ಮು, ಶೋಧಕ, ಸಂಪಿನ ಸಾಲೂ ಅದೇ ತತ್ವದ ಚಿಕ್ಕ ರೂಪ.

ಇನ್ನು ನಾಯಕನಹಟ್ಟಿ ಎಂದರೆ ಗುರು ತಿಪ್ಪೇರುದ್ರಸ್ವಾಮಿಯ ಊರು. ಪ್ರತಿ ವರ್ಷ ಜಾತ್ರೆಗೆ ಲಕ್ಷಾಂತರ ಜನ ಬಂದು ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಆ ಸ್ವಾಮಿಯನ್ನು ಜನ ನೆನೆಯುವುದು ಈ ಬರದ ನೆಲದಲ್ಲಿ ಕೆರೆಗಳನ್ನು ಕಟ್ಟಿಸಿದ ಕಾಯಕಯೋಗಿಯೆಂದು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಎಷ್ಟು ಕೆಲಸವೋ ಅಷ್ಟೇ ಕೂಲಿ.

ತಾರಸಿಯ ಮೇಲಿನ ಈ ಸಣ್ಣ ಕೆರೆಗೂ ಆ ಮಾತು ಒಪ್ಪುತ್ತದೆ. ಮಳೆ ಎಷ್ಟು ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಬಂದದ್ದರಲ್ಲಿ ಎಷ್ಟು ಲೋಟಕ್ಕೆ ಬರಬೇಕೆಂಬುದು ಪೊರಕೆ ಹಿಡಿದ ಕೈಗೆ, ಮರಳು ತೊಳೆದ ಕೈಗೆ, ಕೋಲಿನ ಗುರುತು ಓದಿ ಬರೆದಿಟ್ಟ ಕೈಗೆ ಬಿಟ್ಟದ್ದು. ಮುಂಗಾರು ಬರುವ ಮೊದಲು ಒಮ್ಮೆ ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತಿ, ಟೇಪು ಹಿಡಿದು ಉದ್ದ ಅಗಲ ಅಳೆದು ನೋಡಿ. ಲೆಕ್ಕವನ್ನು ಅವರೇ ಮಾಡಲಿ.